ಮಣೂಕದ ಶೆಡ್ಡಿನಲ್ಲಿ ಇಬ್ಬರು ಅಮೆರಿಕನ್ನರು

ಹೋದ ತಿಂಗಳು ಕಳ್ಳಕವಟಗಿಯಲ್ಲಿ ಸಂಬಂಧಿಕರ ಮದುವೆಗೆಂದು ಹೊರಟಿದ್ದೆವು. ಬಸ್ಸು ತಿಕೋಟಾ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಿಟಕಿಯಿಂದ ಒಂದು ವಾಸನೆ ನುಗ್ಗಿತು. ಹಸಿ ದ್ರಾಕ್ಷಿಯ ಗೊಂಚಲುಗಳನ್ನು ಒಣಹಾಕುವ ಮೊದಲು ಅದ್ದಿ ತೆಗೆಯುವ ಎಣ್ಣೆನೀರಿನ ವಾಸನೆ ಅದು. ಅರ್ಧ ಸಿಹಿ, ಅರ್ಧ ಔಷಧಿ. ಪಕ್ಕದಲ್ಲಿದ್ದ ನನ್ನ ಗಂಡ ಶ್ರೀಶೈಲ ಮೂಗರಳಿಸಿ, "ಮಣೂಕ ಹಾಕ್ಯಾರ ನೋಡು" ಎಂದು ಖುಷಿಪಟ್ಟ. ನಾನು ಹಲ್ಲು ಕಚ್ಚಿಕೊಂಡೆ. ಈ ಕಡೆ ಒಣದ್ರಾಕ್ಷಿಗೆ ಮಣೂಕ ಅನ್ನುತ್ತಾರೆ. ಆ ಮಣೂಕಕ್ಕೂ ನೂರೈವತ್ತು ವರ್ಷಕ್ಕೂ ಹಿಂದಿನ ಇಬ್ಬರು ಅಮೆರಿಕನ್ ಕಾದಂಬರಿಕಾರರಿಗೂ ನನ್ನ ತಲೆಯಲ್ಲಿ ಎಂಥದೋ ಗಂಟು ಬಿದ್ದಿದೆ. ಅದು ಬಿದ್ದದ್ದು ಒಂದೇ ಒಂದು ಸುಗ್ಗಿಯಲ್ಲಿ, ಮೂರು ವರ್ಷದ ಹಿಂದೆ.

ಆಗ ನಾನು ಬಬಲೇಶ್ವರದ ಕಡೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕಿ. ತವರು ಕಾಖಂಡಕಿ, ಸಂಸಾರ ವಿಜಯಪುರದಲ್ಲಿ. ಶ್ರೀಶೈಲನದು ಗೋಳಗುಮ್ಮಟದ ಎದುರು ಟೊಪ್ಪಿಗೆ, ಕೈಚೀಲ, ಮಕ್ಕಳ ಆಟಿಕೆಯ ಅಂಗಡಿ. ಪ್ರತಿ ವರ್ಷ ಜೂನ್ ಬಂತೆಂದರೆ ಈ ಸಲ ಕಾಲೇಜಿನವರು ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಬಾಳು ನನ್ನದು. ಅದರಿಂದ ಹೊರಬರಲು ಪಿಎಚ್‌ಡಿಗೆ ಸೇರಿದ್ದೆ. ವಿಶ್ವವಿದ್ಯಾಲಯ ಬೇರೆ ಊರಿನದು, ಆದರೆ ಮಾರ್ಗದರ್ಶಕರು ನಮ್ಮ ಊರ ಕಡೆಯವರೇ. ಎಂಎ ಓದುವಾಗ ನನಗೆ ಪಾಠ ಹೇಳಿದ ಶಿವಯೋಗಪ್ಪ ಸರ್.

ವಿಷಯ ಕೊಟ್ಟವರೂ ಅವರೇ. ಅಮೆರಿಕದ ರೊಮ್ಯಾಂಟಿಕ್ ಕಾಲದ ಇಬ್ಬರು ದೊಡ್ಡ ಕಾದಂಬರಿಕಾರರ ತುಲನೆ. ಒಬ್ಬ ವಯಸ್ಸಿನಲ್ಲಿ ಸಾಕಷ್ಟು ಹಿರಿಯ. ಹಳೆಯ ಕಾಲದ ಧರ್ಮಭೀರುಗಳ ಊರುಗಳನ್ನು, ಎದೆಯೊಳಗೆ ಮುಚ್ಚಿಟ್ಟುಕೊಂಡ ಪಾಪಗಳನ್ನು ಬರೆದವನು. ಮಾತು ಕಡಿಮೆ, ನಾಚಿಕೆಯ ಮನುಷ್ಯ. ಇನ್ನೊಬ್ಬ ಕಿರಿಯ. ಹುಡುಗನಾಗಿದ್ದಾಗಲೇ ಹಡಗು ಹತ್ತಿ ಸಮುದ್ರ ಸುತ್ತಿ ಬಂದವನು. ಬರೆದರೆ ಒಡ್ಡು ಒಡೆದ ಹಾಗೆ ಬರೆಯುವವನು, ದೇವರ ಜತೆಗೂ ಜಗಳಕ್ಕೆ ನಿಂತವನು. ಇಬ್ಬರೂ ಒಮ್ಮೆ ಗೆಳೆಯರ ಜತೆ ಬೆಟ್ಟ ಹತ್ತುವಾಗ ಭೇಟಿಯಾದರು, ಗುಡುಗು ಮಳೆ ಬಂದು ಬಂಡೆಯ ಮರೆಯಲ್ಲಿ ನಿಂತರು, ಅಲ್ಲಿಂದ ಗೆಳೆತನ ಹತ್ತಿತು. ಕೆಲವು ಮೈಲಿಗಳ ಅಂತರದಲ್ಲಿ ನೆರೆಯವರಾಗಿದ್ದರು. ಕಿರಿಯ ತನ್ನ ಮಹಾ ಕಾದಂಬರಿಯನ್ನು ಹಿರಿಯನಿಗೆ ಅರ್ಪಿಸಿದ. ಉಕ್ಕಿ ಉಕ್ಕಿ ಪತ್ರ ಬರೆದ. ಸ್ವಲ್ಪ ದಿನಗಳಲ್ಲೇ ಹಿರಿಯ ಆ ಊರು ಬಿಟ್ಟು ಹೋದ.

ಅವರ ಹೆಸರು ನಾನು ಇಲ್ಲಿ ಬರೆಯುತ್ತಿಲ್ಲ. ಆ ಸುಗ್ಗಿಯುದ್ದಕ್ಕೂ ನಾವು ಅವರನ್ನು ಹೆಸರಿನಿಂದ ಕರೆದದ್ದೇ ಕಡಿಮೆ. ಸರ್ ಅವರ ಹೆಂಡತಿ, ನಾವೆಲ್ಲ ಅಕ್ಕಾರ ಅನ್ನುವ ಗಂಗಕ್ಕ, ಒಂದು ದಿನ ಚಹಾ ತಂದುಕೊಡುತ್ತ, "ಯಾರ ಸುದ್ದಿ ಇದು ದಿನಾ ನಡದದ್ದು? ನಾಲಿಗಿಗೆ ಹತ್ತಲಾರದ ಹೆಸರು. ನಾ ದೊಡ್ಡಾಂವ, ಸಣ್ಣಾಂವ ಅಂತೀನಿ" ಎಂದರು. ಅವತ್ತಿನಿಂದ ಅವರು ನಮಗೆಲ್ಲ ದೊಡ್ಡಾಂವ, ಸಣ್ಣಾಂವ.

ಸರ್ ಹಿಂದಿನ ವರ್ಷವೇ ನಿವೃತ್ತರಾಗಿದ್ದರು. ಮೊದಲೇ ಕೈಹಿಡಿದ ವಿದ್ಯಾರ್ಥಿಗಳನ್ನು ದಡ ಮುಟ್ಟಿಸಲು ಅವರಿಗೆ ಆ ಬೇಸಿಗೆಯವರೆಗೆ ಅವಕಾಶವಿತ್ತು. ಉಳಿದವಳು ನಾನೊಬ್ಬಳೇ. ಅಷ್ಟರಲ್ಲಿ ಅವರು ವಿಜಯಪುರದ ಮನೆಗೆ ಬೀಗ ಹಾಕಿ ತಿಕೋಟಾದ ಹತ್ತಿರದ ದ್ರಾಕ್ಷಿ ತೋಟಕ್ಕೆ ಹೋಗಿ ಕುಳಿತುಬಿಟ್ಟರು. ಫೋನು ಮಾಡಿದರೆ, "ಇಲ್ಲೇ ಬರ್ರಿ ಭಾರತಿಯವರ, ಸುಗ್ಗಿ ಚಾಲೂ ಆಗೈತಿ, ನಾ ಬಿಟ್ಟು ಬರಾಕ ಆಗೂದಿಲ್ಲ" ಎಂದರು. ವಾರದ ಆರು ದಿನ ಬಬಲೇಶ್ವರದ ಬಸ್ಸು, ಏಳನೆಯ ದಿನ ತಿಕೋಟಾದ ಬಸ್ಸು. ಜನವರಿಯಿಂದ ಹೀಗೆ ಶುರುವಾಯಿತು.

ತೋಟದ ಬದಿಗೆ ಮಣೂಕದ ಶೆಡ್ಡು. ಕಬ್ಬಿಣದ ಕಂಬಗಳ ನಡುವೆ ಒಂದರ ಮೇಲೊಂದು ಬಲೆಯ ಅಟ್ಟಣಿಗೆಗಳು, ಅದರ ತುಂಬ ಅದ್ದಿ ತೆಗೆದ ದ್ರಾಕ್ಷಿ, ನೆರಳಿಗೆ ಹಸಿರು ಪರದೆ. ಶೆಡ್ಡಿನ ಬಾಯಿಗೆ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಅದೇ ನನ್ನ ಸಂಶೋಧನಾ ವಿಭಾಗ. ಮೊದಲ ಅಧ್ಯಾಯ ಕೊಟ್ಟಾಗ ಸರ್ ಹಾಳೆಗಳನ್ನು ಅಂಗೈ ಮೇಲೆ ತೂಗಿದಂತೆ ಮಾಡಿ, "ಇಟ್ಟು ಹೋಗ್ರಿ, ನೋಡ್ತೀನಿ" ಎಂದರು. ಮುಂದಿನ ರವಿವಾರ ಹೋದೆ. "ಛಲೋ ಆಗೈತಿ. ಭಾಷಾ ಇನ್ನೊಂದಿಷ್ಟು ಬಿಗಿ ಮಾಡ್ರಿ" ಎಂದರು.

"ಎಲ್ಲಿ ಸರ್?"

"ಎಲ್ಲಾ ಕಡೆ."

ಹಾಳೆ ತಿರುಗಿಸಿ ನೋಡಿದೆ. ಎಲ್ಲೂ ಒಂದು ಗೆರೆ ಇಲ್ಲ. ಎಂಎ ಕಾಲದಲ್ಲಿ ಇದೇ ಮನುಷ್ಯ ನನ್ನ ಒಂದು ಅಲ್ಪವಿರಾಮಕ್ಕೆ ಕೆಂಪು ಸುತ್ತು ಹಾಕಿ ಕಾರಣ ಕೇಳಿದ್ದರು. ಮನೆಗೆ ಬಂದು, ಮಗಳ ಪರೀಕ್ಷೆಯ ಅಭ್ಯಾಸದ ನಡುವೆ, ಒಂದೊಂದು ವಾಕ್ಯವನ್ನೂ ಹಿಂಡಿ ಬಿಗಿ ಮಾಡಿದೆ. ಎರಡನೆಯ ಅಧ್ಯಾಯ ಕೊಟ್ಟೆ. ಅದಕ್ಕೂ ಅದೇ ಮಾತು. ಮಧ್ಯೆ ಎರಡು ರವಿವಾರ, "ಇವತ್ತ ಮಾಲು ತೆಗಿಯೂದೈತಿ, ಮುಂದಿನ ವಾರ ಕೂಡೂಣು" ಎಂದು ಬಾಗಿಲಿನಿಂದಲೇ ಕಳಿಸಿದರು. ಬಿಸಿಲಲ್ಲಿ ತೋಟದಿಂದ ಡಾಂಬರು ರಸ್ತೆಯವರೆಗೆ ನಡೆದು, ನಿಂತು ಸಾಕಾಗಿ, ತುಂಬಿ ಬರುವ ಬಸ್ಸಿನ ಮೆಟ್ಟಿಲ ಮೇಲೆ ಜೋತುಬಿದ್ದು ವಿಜಯಪುರ ಸೇರಿದರೆ ಶ್ರೀಶೈಲ ಕೇಳುತ್ತಿದ್ದ, "ಏನಂದ್ರು?"

"ಬಿಗಿ ಮಾಡು ಅಂದ್ರು."

"ಇನ್ನೂ ಎಷ್ಟು ಬಿಗಿ ಮಾಡ್ತಿ? ಹರಕೊಂಡೀತು."

ಫೆಬ್ರುವರಿ ಮುಗಿಯುವಾಗ ಮೂರನೆಯ ಅಧ್ಯಾಯ ಕೊಟ್ಟೆ. ಅದು ದೊಡ್ಡಾಂವನ ಬಗ್ಗೆ. ಸರ್ ಅವರಿಗೆ ದೊಡ್ಡಾಂವ ಎಂದರೆ ಪ್ರಾಣ. ತರಗತಿಯಲ್ಲಿ ಅವನ ಒಂದು ಪುಟವನ್ನು ಇಡೀ ವಾರ ಪಾಠ ಮಾಡುತ್ತಿದ್ದರು. ನಾನು ಸಣ್ಣಾಂವನ ಪಕ್ಷದವಳು. ಎದೆಯಲ್ಲಿದ್ದದ್ದನ್ನು ಎಲ್ಲ ಹೊರಗೆ ಸುರಿದು ಸೋತವನ ಮೇಲೆ ನನಗೆ ಮೊದಲಿನಿಂದ ಅಕ್ಕರೆ. ಆ ಅಧ್ಯಾಯದಲ್ಲಿ ನಾನು ಬರೆದಿದ್ದೆ: ಪಾಪವನ್ನು ಇಷ್ಟು ಆಳವಾಗಿ ಕಂಡವನು ಆ ಕಂಡದ್ದನ್ನು ನೇರವಾಗಿ ಹೇಳಲು ಅಂಜಿದ, ಇದ್ದರೂ ಇರಬಹುದು ಇಲ್ಲದೆಯೂ ಇರಬಹುದು ಎಂದು ಪ್ರತಿಸಲ ಹಿಂಬಾಗಿಲಿನಿಂದ ನುಸುಳಿದ, ಅವನೊಬ್ಬ ಅಂಜುಬುರುಕ. ಬರೆಯುವಾಗಲೇ ಗೊತ್ತಿತ್ತು, ಸರ್ ಇದನ್ನು ಓದಿದರೆ ಮೇಜು ಗುದ್ದುತ್ತಾರೆ, ನಾನೂ ತಯಾರಾಗಿ ಹೋಗಿದ್ದೆ.

"ಛಲೋ ಆಗೈತಿ" ಎಂದರು. "ಭಾಷಾ ಇನ್ನೊಂದಿಷ್ಟು ಬಿಗಿ ಮಾಡ್ರಿ."

ಅವರು ಒಂದು ಹಾಳೆಯನ್ನೂ ಓದಿಲ್ಲ ಎಂಬುದು ಆಗ ಖಾತ್ರಿಯಾಯಿತು. ಹಾಳೆ ಎತ್ತಿಕೊಂಡು ಹೊರಟೆ. ಬಸ್ಸಿನಲ್ಲಿ ಕೂತು ಅತ್ತೆ. ದುಃಖಕ್ಕಲ್ಲ, ಕೈಲಾಗದ ಸಿಟ್ಟಿಗೆ.

ಮಾರ್ಚಿನ ಒಂದು ರವಿವಾರ ಮಧ್ಯಾಹ್ನ ಪಡುವಣದ ಕಡೆ ಮೋಡ ಕವಿಯಿತು. ಈ ಸೀಮೆಯಲ್ಲಿ ಜೂನಿನಲ್ಲಿ ಬೇಡಿದರೂ ಬಾರದ ಮಳೆ, ಮಣೂಕ ಅಟ್ಟಣಿಗೆಯ ಮೇಲಿದ್ದಾಗ ಮಾತ್ರ ಕರೆಯದೆ ಬರುತ್ತದೆ. ಅರ್ಧ ಒಣಗಿದ ಮಾಲಿಗೆ ನೀರು ತಾಗಿದರೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಶೆಡ್ಡಿನಲ್ಲಿದ್ದ ಹೆಣ್ಣಾಳುಗಳು, ಅಕ್ಕಾರು, ನಾನು, ಎಲ್ಲರೂ ಮಳೆಗೆ ಮಾಲಿನ ಮೇಲೆ ಹೊದಿಸುವ ತಾಡಪತ್ರಿಯ ಹಗ್ಗಕ್ಕೆ ಜೋತುಬಿದ್ದೆವು. ಗಾಳಿ ತಾಡಪತ್ರಿಯನ್ನು ಹಾಯಿಯಂತೆ ಉಬ್ಬಿಸಿ ನಮ್ಮನ್ನೇ ಎಳೆಯುತ್ತಿತ್ತು. ಅಂಗೈ ಸುಲಿಯಿತು. ಗುಡುಗಿತು, ನಾಲ್ಕು ದಪ್ಪ ಹನಿ ಬಿದ್ದವು, ಆಮೇಲೆ ಸುರಿಯಿತು. ಗಾಳಿ ಬೀಸಿದ ಕಡೆಯ ಮೂಲೆ ಬಿಟ್ಟು ಉಳಿದ ಮಾಲು ಉಳಿಯಿತು.

ಮಳೆ ನಿಂತ ಮೇಲೆ ಎಲ್ಲರೂ ತೊಯ್ದು ನಿಂತಿದ್ದಾಗ ನನ್ನ ಬಾಯಿಂದ ಬಂದುಬಿಟ್ಟಿತು. "ಸರ್, ನೀವು ನನ್ನ ಒಂದ ಹಾಳಿನೂ ಓದಿಲ್ಲ. ನಾ ಸುಮ್ಮನ ಎರಡೂವರಿ ತಿಂಗಳ ಇಲ್ಲಿಗೆ ಬಸ್ ಹತ್ತಿ ಬರಾಕತ್ತೇನಿ. ಓದೂದಿಲ್ಲಂದ್ರ ಓದೂದಿಲ್ಲ ಅಂತ ಹೇಳ್ರಿ."

ಹೆಣ್ಣಾಳುಗಳು ತಲೆ ತಗ್ಗಿಸಿದರು. ಸರ್ ಟವೆಲಿನಿಂದ ಮುಖ ಒರೆಸಿಕೊಂಡರು. "ಮೊದಲ ಮಾಲು ನೋಡೂಣು" ಎಂದು ಶೆಡ್ಡಿನ ಒಳಗೆ ಹೋದರು.

ಅಕ್ಕಾರು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಒಣ ಸೀರೆ ಕೊಟ್ಟರು. ಒಲೆಯ ಮುಂದೆ ಕೂಡಿಸಿ, ದನಿ ಇಳಿಸಿ ಹೇಳಿದರು. "ಅವರಿಗೆ ಅಕ್ಷರ ಕಾಣಾಂಗಿಲ್ಲವಾ. ಸಕ್ರಿ ಬ್ಯಾನಿ ಕಣ್ಣಿಗೆ ಇಳದೈತಿ. ಸೋಲಾಪುರಕ್ಕ ಹೋಗಿ ತೋರಿಸಿದ್ವಿ, ಸೂಜಿ ಚುಚ್ಚಿಸಿದ್ವಿ. ಮಂದಿ ಕಾಣ್ತಾರ, ಗಿಡ ಕಾಣ್ತಾವ. ಹಾಳಿ ಹಿಡದ್ರ ನಟ್ಟನಡುವ ಕಪ್ಪ ಬೀಳತೈತಂತ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾರ. ಊರಾಗ ಇದ್ರ ದಿನಾ ಯಾರರ ಪುಸ್ತಕ ಹಿಡಕೊಂಡ ಬರ್ತಾರಂತ ಇಲ್ಲಿ ಬಂದು ಕುಂತಾರ."

ಕನಿಕರ ಬರಬೇಕಿತ್ತು. ಬಂದದ್ದು ಇನ್ನಷ್ಟು ಸಿಟ್ಟು. "ಅಕ್ಕಾರ, ಇದನ್ನ ಜನವರಿಯಾಗ ಹೇಳಿದ್ರ ನಾ ಓದಿ ಹೇಳ್ತಿದ್ದೆ. ಇಷ್ಟೊತ್ತಿಗೆ ಮುಗೀತಿತ್ತು."

"ಹೇಳೂದು ಅಷ್ಟು ಸರಳ ಇರತೈತೇನವಾ? ಇಡೀ ಜನ್ಮ ಓದಿಕೋತ ಬಂದ ಮನುಷ್ಯ."

ಅವರು ಹೇಳಿದ್ದು ನಿಜ. ನನ್ನ ಗಡುವೂ ನಿಜ. ಎರಡೂ ಒಟ್ಟಿಗೆ ನಿಜವಾಗಿದ್ದೇ ನನಗೆ ತಡೆಯಲಾಗದ್ದು. ನಾನು ಹೊರಗೆ ಬಂದು ಮೇಜಿನ ಹತ್ತಿರ ಕುಳಿತೆ. ಸ್ವಲ್ಪ ಹೊತ್ತಿಗೆ ಸರ್ ಬಂದು ಎದುರಿಗೆ ಕುಳಿತರು.

"ಸರ್, ನಾ ಓದ್ತೀನಿ. ನೀವು ಕೇಳ್ರಿ."

ಅವರು ಅಡುಗೆಮನೆಯ ಕಡೆ ತಿರುಗಿದರು. "ಹೇಳಿದಳು?"

"ಹೇಳಿದ್ರು."

ತಾಡಪತ್ರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸರ್ ಮೇಜಿನ ಮೇಲೆ ಬಿದ್ದ ಹನಿಗಳನ್ನು ಟವೆಲಿನಿಂದ ಒರೆಸಿದರು. ಆಮೇಲೆ, "ಮೂರನೇದ್ದರಿಂದ ಚಾಲೂ ಮಾಡ್ರಿ" ಎಂದರು.

ಎರಡನೆಯ ಪುಟದಲ್ಲಿ ಕೈ ಎತ್ತಿದರು. "ನಿಲ್ರಿ. ಅಂವಗ ಅಂಜುಬುರುಕ ಅಂದೀರಿ?"

"ಅಂದೇನ್ರಿ. ನೀವು ಛಲೋ ಆಗೈತಿ ಅಂದಿದ್ರಿ."

ಒಳಗಿನಿಂದ ಅಕ್ಕಾರು ನಕ್ಕದ್ದು ಕೇಳಿಸಿತು. ಸರ್ ನಗಲಿಲ್ಲ. ಆದರೆ ಅವತ್ತು ಕೊನೆಯ ಬಸ್ಸು ತಪ್ಪುವವರೆಗೆ ನನ್ನ ಜತೆ ಜಗಳಾಡಿದರು. ಶ್ರೀಶೈಲ ಬೈಕ್ ತೆಗೆದುಕೊಂಡು ಬಂದು ನನ್ನನ್ನು ಕರೆದೊಯ್ಯಬೇಕಾಯಿತು.

ಅಲ್ಲಿಂದ ಮುಂದಿನ ವಾರಗಳು ಬೇರೆಯೇ ಆದವು. ಸಂಜೆ ಕಾಲೇಜು ಬಿಟ್ಟ ಮೇಲೂ ಕೆಲವು ದಿನ ಹೋಗುತ್ತಿದ್ದೆ. ನಾನು ಇಂಗ್ಲಿಷಿನಲ್ಲಿ ಓದುತ್ತಿದ್ದೆ, ಸರ್ ಕಣ್ಣು ಮುಚ್ಚಿ ಕೇಳಿ, ಕನ್ನಡದಲ್ಲಿ ಜಗಳ ತೆಗೆಯುತ್ತಿದ್ದರು. ಪಕ್ಕದಲ್ಲಿ ಕಡ್ಡಿ ಕಸ ಆರಿಸಿ ಮಣೂಕ ಹಸನು ಮಾಡುತ್ತಿದ್ದ ಹೆಂಗಸರಿಗೂ ಕ್ರಮೇಣ ದೊಡ್ಡಾಂವ, ಸಣ್ಣಾಂವ ಪರಿಚಯವಾದರು. "ಸಣ್ಣಾಂವ ಸಮುದ್ರಕ್ಕ ಹೋದ. ದೊಡ್ಡಾಂವ ಮನಿ ಹಿತ್ತಲದಾಗ ಬಾವಿ ತೋಡಿದ" ಎಂದು ಸರ್ ಒಂದು ದಿನ ಹೇಳಿದರು. "ನೀವು ಸಮುದ್ರ ನೋಡಿ ಬಾಯಿ ತಗದು, ಬಾವಿಗೆ ಸಣ್ಣದು ಅನ್ನಾಕತ್ತೀರಿ. ಅಗಲ ಅಳಿಯಾಕತ್ತೀರಿ, ಆಳ ಅಲ್ಲ."

"ಬಾವ್ಯಾಗ ಇಳದಾಂವ ಮ್ಯಾಲ ಬಂದು ಏನ್ ಕಂಡೆ ಅಂತ ಹೇಳಬೇಕಲ್ರಿ ಸರ್."

"ಯಾಕ ಹೇಳಬೇಕು? ಪಾಪ ಅನ್ನೂದು ಊರಿನ ಕಣ್ಣಿಗೆ ಹ್ಯಾಂಗ ಕಾಣತೈತಿ, ಮಾಡಿದಾಂವಗ ಹ್ಯಾಂಗ ಕಾಣತೈತಿ, ಎರಡೂ ಬ್ಯಾರೆ ಅಂತ ಅಂವಗ ಗೊತ್ತಿತ್ತು. ಅದಕ್ಕ ಎರಡೂ ಬಾಗಲಾ ತೆರದಿಟ್ಟ. ಅದು ಅಂಜಿಕಿ ಅಲ್ರಿ, ಮರ್ಯಾದಿ."

ಆ ಮಾತು ನನ್ನನ್ನು ಅಲುಗಿಸಿತು. ನಮ್ಮ ಊರಿನಲ್ಲಿ ಒಬ್ಬ ಹೆಂಗಸಿನ ಬಗ್ಗೆ ಊರು ಆಡಿಕೊಂಡದ್ದನ್ನು, ಆಕೆ ಬಾಗಿಲು ಹಾಕಿಕೊಂಡದ್ದನ್ನು ಕಂಡು ಬೆಳೆದವಳು ನಾನು. ಅಂಜುಬುರುಕ ಎಂಬ ಶಬ್ದ ತೆಗೆದೆ. ಆದರೆ ಸಣ್ಣಾಂವನನ್ನು ಬಿಟ್ಟುಕೊಡಲಿಲ್ಲ. ಉತ್ತರ ಸಿಗುವುದಿಲ್ಲ ಎಂದು ಗೊತ್ತಿದ್ದೂ ಆಕಾಶಕ್ಕೆ ಮುಖ ಮಾಡಿ ಕೇಳುವುದರಲ್ಲೂ ಒಂದು ಮರ್ಯಾದೆ ಇದೆ ಎಂದು ಬರೆದೆ. ಸರ್ ಅದನ್ನು ಎರಡು ಸಲ ಓದಿಸಿ, "ಮುಂದಕ್ಕ" ಎಂದರು.

ಕೊನೆಯ ಅಧ್ಯಾಯ ಅವರಿಬ್ಬರ ಗೆಳೆತನದ್ದು. ಸಣ್ಣಾಂವ ಬರೆದ ಪತ್ರಗಳು ಉಳಿದಿವೆ. ದೊಡ್ಡಾಂವ ಬರೆದವು ಉಳಿದಿಲ್ಲ. ಒಬ್ಬ ಹೀಗೆ ಹೃದಯ ತೆರೆದಾಗ ಇನ್ನೊಬ್ಬ ಉತ್ತರಿಸಲಿಲ್ಲ, ಆ ಮೌನದ ಗಾಯ ಸಣ್ಣಾಂವನ ಮುಂದಿನ ಬರಹದಲ್ಲೆಲ್ಲ ಇದೆ ಎಂದು ನಾನು ಬರೆದಿದ್ದೆ. ಕೇಳುತ್ತಿದ್ದ ಅಕ್ಕಾರು ನನ್ನ ಕಡೆಯಾದರು. "ಒಂದ ಮಾತು ಆಡಿದ್ರ ದೊಡ್ಡಾಂವನ ಗಂಟೇನು ಹೋಗ್ತಿತ್ತು?"

ಹಸನು ಮಾಡುತ್ತಿದ್ದ ನೀಲವ್ವ ಎಂಬಾಕೆ ತಲೆ ಎತ್ತದೆ, "ಸಣ್ಣಾಂವನೂ ಅಷ್ಟ ಮೈಮ್ಯಾಲ ಬೀಳಬಾರದಿತ್ತು ಬಿಡ್ರಿ" ಎಂದಳು.

ಸರ್ ಮಾತ್ರ ಗಂಭೀರವಾಗಿದ್ದರು. "ಭಾರತಿಯವರ, ಅಂವ ಉತ್ತರ ಬರೀಲಿಲ್ಲ ಅಂತ ನಿಮಗ ಹ್ಯಾಂಗ ಗೊತ್ತು?"

"ಪತ್ರ ಇಲ್ಲಲ್ರಿ."

"ಅಂವನ ಉತ್ತರ ನಮಗ ಉಳದಿಲ್ಲ. ಅಷ್ಟ ಬರೀರಿ. ಬರೀಲಿಲ್ಲ ಅನ್ನೂದು ಬ್ಯಾರೆ, ಉಳೀಲಿಲ್ಲ ಅನ್ನೂದು ಬ್ಯಾರೆ. ಸುಮ್ಮನಿದ್ದಾರ ಅಂದ್ರ ಏನೂ ಇಲ್ಲ ಅಂತ ತಿಳೀಬ್ಯಾಡ್ರಿ."

ಅವರು ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು ನಾನು ಕೇಳಲಿಲ್ಲ. ಆ ಒಂದು ವಾಕ್ಯ ತಿದ್ದಿದ ಮೇಲೆ ಇಡೀ ಅಧ್ಯಾಯವನ್ನೇ ಮತ್ತೆ ಬರೆಯಬೇಕಾಯಿತು. ಬರೆದೆ. ನನ್ನ ಬದುಕಿನಲ್ಲಿ ನಾನು ಬರೆದ ಒಳ್ಳೆಯ ಪುಟಗಳು ಯಾವುವು ಎಂದು ಯಾರಾದರೂ ಕೇಳಿದರೆ ಈಗಲೂ ಅವನ್ನೇ ತೋರಿಸುತ್ತೇನೆ. ಕೊನೆಯ ಮಾಲು ಶೆಡ್ಡಿನಿಂದ ಇಳಿದ ವಾರ ಪ್ರಬಂಧ ಮುಗಿಯಿತು. ಅಕ್ಕಾರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸರ್ ಸಹಿ ಮಾಡಿದರು.

ನಾನು ಅದನ್ನು ಹಿಡಿದುಕೊಂಡು ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿನ ಗುಮಾಸ್ತರು ಕಡತ ತಿರುವಿ, ಸರ್ ಅವರ ಅವಧಿ ಮುಗಿದಿದೆ, ಅವರ ಸಹಿ ಈಗ ನಡೆಯುವುದಿಲ್ಲ ಎಂದರು. "ಹೋದ ವಾರ ತಂದಿದ್ರ ತಗೋತಿದ್ವಿರಿ" ಎಂದರು, ಸಮಾಧಾನ ಹೇಳುವವರಂತೆ. ಹೋದ ವಾರ ನಾನು 'ಬರೀಲಿಲ್ಲ', 'ಉಳೀಲಿಲ್ಲ' ಎಂಬೆರಡು ಕ್ರಿಯಾಪದಗಳ ನಡುವಿನ ವ್ಯತ್ಯಾಸಕ್ಕೆ ಹೊಡೆದಾಡುತ್ತಿದ್ದೆ. ಅದಕ್ಕೂ ಮೊದಲು ಎರಡೂವರೆ ತಿಂಗಳು ಭಾಷೆ ಬಿಗಿ ಮಾಡುತ್ತಿದ್ದೆ.

ಅರ್ಜಿ ಮೇಲೆ ಅರ್ಜಿ ಕೊಟ್ಟ ಮೇಲೆ ಇನ್ನೊಂದು ವರ್ಷ ಸಿಕ್ಕಿತು, ಹೊಸ ಮಾರ್ಗದರ್ಶಕರು ಸಿಕ್ಕರು. ನನಗಿಂತ ಚಿಕ್ಕ ವಯಸ್ಸಿನವರು, ಚುರುಕು, ಸಭ್ಯರು. ಕೊಟ್ಟದ್ದನ್ನು ಎರಡೇ ದಿನದಲ್ಲಿ ಓದಿದರು. ಕೊನೆಯ ಅಧ್ಯಾಯದ ಮೇಲೆ ಬೆರಳಿಟ್ಟು, "ಮೇಡಂ, ಇದು ಓದಾಕ ಛಲೋ ಐತಿ. ಆದ್ರ ಇದು ಕತಿ ಆತು. ವ್ಯಕ್ತಿಗಳ ಗೆಳೆತನ ನಮ್ಮ ವ್ಯಾಪ್ತಿಗೆ ಬರೂದಿಲ್ಲ. ಇದನ್ನ ತಗದು ಸಿದ್ಧಾಂತದ ಒಂದು ಅಧ್ಯಾಯ ಹಾಕ್ರಿ" ಎಂದರು. ನಾನು ವಾದಿಸಿದೆ. ಮತ್ತೆ ಹೋಗಿ ವಾದಿಸಿದೆ. ಅವರು ಒಮ್ಮೆಯೂ ದನಿ ಎತ್ತಲಿಲ್ಲ, ಒಂದು ಇಂಚೂ ಸರಿಯಲಿಲ್ಲ. ಶ್ರೀಶೈಲ ಹೇಳಿದ, "ಒಂದ ಅಧ್ಯಾಯ ಹೋದ್ರ ಹೋಗಲಿ. ನೀ ಜೂನ್ ಬಂದಾಗೊಮ್ಮೆ ಫೋನ್ ನೋಡಿಕೋತ ಕೂಡೂದು ತಪ್ಪತೈತಿ." ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಅಧ್ಯಾಯ ತೆಗೆದೆ. ಅದರ ಜಾಗದಲ್ಲಿ ಯಾರೂ ಓದಲಾರದ ಬೇರೆ ಪುಟಗಳನ್ನು ತುಂಬಿಸಿದೆ. ಅವು ಬಹಳ ಬಿಗಿಯಾಗಿದ್ದವು.

ಮೌಖಿಕ ಪರೀಕ್ಷೆಯ ದಿನ ಬೇರೆ ರಾಜ್ಯದಿಂದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಬಂದಿದ್ದರು. ಎಲ್ಲ ಪ್ರಶ್ನೆ ಮುಗಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. "ಇಬ್ಬರನ್ನೂ ಇಷ್ಟು ಚೆನ್ನಾಗಿ ತುಲನೆ ಮಾಡಿದ್ದೀರಿ, ಆದರೆ ಅವರು ನೆರೆಯವರಾಗಿದ್ದರು, ಗೆಳೆಯರಾಗಿದ್ದರು, ಆ ಪತ್ರಗಳಿವೆ. ಅದರ ಬಗ್ಗೆ ಒಂದು ಪುಟವೂ ಏಕಿಲ್ಲ? ಅದು ಬರುತ್ತದೆಂದು ನಾನು ಕಾಯುತ್ತ ಓದಿದೆ, ಬರಲೇ ಇಲ್ಲ."

ಇಡೀ ಅಧ್ಯಾಯ ನನ್ನ ನಾಲಿಗೆಯ ಮೇಲಿತ್ತು. ಮೊದಲ ವಾಕ್ಯ, ಕೊನೆಯ ವಾಕ್ಯ, ನಡುವಿನ ಪ್ರತಿ ಉಸಿರು. ಪಕ್ಕದಲ್ಲಿ ನನ್ನ ಮಾರ್ಗದರ್ಶಕರು ಕುಳಿತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಅವರೇ, ಅದು ಈ ಅಧ್ಯಯನದ ವ್ಯಾಪ್ತಿಯನ್ನು ಮೀರುತ್ತದೆ ಎಂದು ವಿನಯದಿಂದ ಹೇಳಿದರು. ಆ ತಾಯಿ ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಅವರು ಕನ್ನಡಕ ಹಾಕಿಕೊಂಡು ಅಭಿನಂದನೆ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅದೇ ವಾರ ಪೇಢೆ ತೆಗೆದುಕೊಂಡು ತೋಟಕ್ಕೆ ಹೋದೆ. ಸಕ್ಕರೆ ಕಾಯಿಲೆಯ ಮನೆಗೆ ಪೇಢೆ ಒಯ್ದದ್ದು ದಾರಿಯಲ್ಲಿ ನೆನಪಾಗಿ ಇನ್ನೂ ಸಿಟ್ಟು ಬಂತು. ಅಕ್ಕಾರು ನನ್ನ ತಲೆಯ ಮೇಲೆ ಕೈಯಿಟ್ಟು, "ಡಾಕ್ಟರ್ ಆದಿ ನನ್ನವ್ವಾ" ಎಂದು ಕಣ್ಣೊರೆಸಿಕೊಂಡರು. ಸರ್ ಅವರ ನೋಟ ಇನ್ನಷ್ಟು ಮಂಜಾಗಿತ್ತು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ ಕುಳಿತಿದ್ದರು. ಪರೀಕ್ಷಕರು ಕೇಳಿದ್ದನ್ನು, ನಾನು ಹೇಳದೆ ಉಳಿದದ್ದನ್ನು ಅವರಿಗೆ ಹೇಳಿದೆ. ಬೇಸರಪಡುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

"ಆ ಅಧ್ಯಾಯ ಇಟ್ಟೀರೋ, ಹರದೀರೋ?" ಎಂದರು.

"ಐತ್ರಿ."

"ಹಂಗಾರ ಮುಂದಿನ ಐತವಾರ ತಗೊಂಡ ಬರ್ರಿ. ಅದರಾಗ ನಾ ಒಪ್ಪಲಾರದ್ದು ಇನ್ನೂ ಎರಡ ಜಾಗಾ ಅದಾವ."

"ಈಗ ಡಿಗ್ರಿ ಬಂದೇ ಹೋತಲ್ರಿ ಸರ್."

"ಡಿಗ್ರಿಗೂ ಅದಕ್ಕೂ ಏನ್ ಸಂಬಂಧರಿ?" ಎಂದು ಅವರು ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು.